ಮುಟ್ಟದೆ ಇಟ್ಟ ಕಾಫಿ

ಅಕ್ಟೋಬರ್ ೨೬, ೨೦೧೪
ಭಾನುವಾರ

ನನ್ನಪ್ಪಾ ಅದೀಬ್,

ನಿನ್ನ ಎರಡೂ ಕಣ್ಣಿಗೆ ಅಮ್ಮನ ಮುತ್ತು. ಮೊದಲೇ ಹೇಳುತ್ತೇನೆ, ಬೈಯಬೇಡ. ಹಬ್ಬಕ್ಕೆ ಮುಂಚೆ ಬರೆಯುತ್ತೇನೆ ಎಂದವಳು ಹಬ್ಬ ಕಳೆದು, ಆಲಿವ್ ಕೊಯ್ಲು ಅರ್ಧ ಮುಗಿದ ಮೇಲೆ ಪೆನ್ನು ಹಿಡಿದಿದ್ದೇನೆ. ನೆಪ ಬೇಕಿದ್ದರೆ ಬೇಕಾದಷ್ಟಿವೆ. ಸೊಂಟನೋವು, ಕೊಯ್ಲಿನ ಕೆಲಸ, ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿರುವುದು. ನಿಜ ಏನೆಂದರೆ, ಕಾಗದ ತೆಗೆದಾಗಲೆಲ್ಲ ಮಳೆ ಬರಲಿಲ್ಲ ಎಂದು ನಾಲ್ಕು ಸಾಲು ಬರೆದು ಎದ್ದುಬಿಡುತ್ತಿದ್ದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಾನು ಫೋನ್ ಹಿಡಿದರೆ ಸಾಕು, ನಿನ್ನ ದೊಡ್ಡಪ್ಪ ಪಕ್ಕಕ್ಕೆ ಬಂದು ಕೂರುತ್ತಾರೆ. ಅದರಾಚೆ ಇನ್ನು ಯಾರ್ಯಾರು ಕಿವಿ ಕೊಟ್ಟಿರುತ್ತಾರೋ ದೇವರಿಗೇ ಗೊತ್ತು. ಉಮ್ ಸಾಬ್ರಿ ಮಗಳನ್ನು ಕರೆದುಕೊಂಡು ಅಮ್ಮಾನ್ ಮಾರ್ಗವಾಗಿ ತುರ್ಕಿಗೆ, ನಿಮ್ಮ ಬುರ್ಸಾಕ್ಕೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಹೊಸ ಎಣ್ಣೆ, ಝಾತರ್ ಸೊಪ್ಪಿನ ಪುಡಿ, ಈ ಕಾಗದ ಕೊಟ್ಟಿದ್ದೇನೆ. ಎಣ್ಣೆಯನ್ನು ಬೇಕರಿಯವರಿಗೆಲ್ಲ ಹಂಚಿ ದೊಡ್ಡಸ್ತಿಕೆ ಮಾಡಬೇಡ, ನೀನು ತಿನ್ನು.

ಈ ವರ್ಷ ಮರಗಳು ಕೈಬಿಡಲಿಲ್ಲ. ಬಾವಿಯ ಹತ್ತಿರದ್ದನ್ನೆಲ್ಲ ಕೊಯ್ದಾಯಿತು. ಬೇಲಿಯಾಚೆಯ ನಮ್ಮ ಮರಗಳಿಗೆ ಇಸ್ರೇಲಿನ ಸೈನ್ಯದವರು ಎರಡೇ ದಿನದ ಪರವಾನಗಿ ಕೊಟ್ಟಿದ್ದಾರೆ. ಮರಗಳಿಗೆ ಆ ವಿಷಯ ಯಾರು ತಿಳಿಸಬೇಕೋ ಗೊತ್ತಿಲ್ಲ. ದೊಡ್ಡಪ್ಪ ಏಣಿಯ ಕೆಳಗೆ ನಿಂತು ಹೇಗೆ ಕೊಯ್ಯಬೇಕು ಎಂದು ಎಲ್ಲರಿಗೂ ಪಾಠ ಹೇಳುತ್ತಾರೆ, ಒಂದು ಕಾಯಿಯನ್ನೂ ಮುಟ್ಟುವುದಿಲ್ಲ. ನಾನು ಈಗಲೂ ಅವರ ಮನೆಯ ಕೆಳಗಿನ ಎರಡು ಕೋಣೆಗಳಲ್ಲೇ ಇದ್ದೇನೆ. ನಮ್ಮ ಮನೆ ಇದ್ದ ಜಾಗದಲ್ಲಿ ಮುಳ್ಳುಗಿಡ ಎದ್ದು ಕೋಳಿಗಳಿಗೆ ಒಳ್ಳೆಯ ನೆರಳಾಗಿದೆ. ನಿನ್ನ ಮದುವೆಯ ಮಾತು ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಎತ್ತುತ್ತಿಲ್ಲ. ಉಮ್ ಸಾಬ್ರಿಯ ಮಗಳಿಗೆ ಇನ್ನೂ ಮದುವೆಯಾಗಿಲ್ಲ ಎಂಬುದನ್ನು ಸುಮ್ಮನೆ ಊರಿನ ಸುದ್ದಿಯಾಗಿ ತಿಳಿಸುತ್ತಿದ್ದೇನೆ.

ಈಗ ನಿಜವಾದ ಸುದ್ದಿ. ನಮ್ಮ ಮನೆಗೆ ಒಬ್ಬ ಯಹೂದಿ ಬಂದಿದ್ದ. ಸೈನಿಕನಲ್ಲ, ಅಧಿಕಾರಿಯಲ್ಲ, ಭೂಮಿ ಅಳೆಯುವವನೂ ಅಲ್ಲ. ಅತಿಥಿಯಾಗಿ ಬಂದಿದ್ದ. ಗಾಜಾದ ಆ ಬೇಸಿಗೆಯ ಯುದ್ಧ ಮುಗಿದು ತಿಂಗಳು ತುಂಬಿರಲಿಲ್ಲ. ಟಿವಿಯಲ್ಲಿ ಇನ್ನೂ ಕಲ್ಲುಮಣ್ಣಿನಡಿಯಿಂದ ಮಕ್ಕಳನ್ನು ಎತ್ತುವುದನ್ನೇ ತೋರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಇಸ್ರೇಲಿನ ಹಳದಿ ನಂಬರ್ ಪ್ಲೇಟಿನ ಕಾರೊಂದು ಟೈರ್ ಅಂಗಡಿಯ ಮುಂದೆ ನಿಂತು, ಮುದುಕನೊಬ್ಬ ಇಳಿದು, ಡ್ರೈವರ್ ಅದೀಬನ ತಾಯಿಯ ಮನೆ ಯಾವುದು ಎಂದು ಕೇಳಿದನಂತೆ. ಅಂಗಡಿಯ ರುಶ್ದಿಯ ಕೈಯಲ್ಲಿದ್ದ ಪಾನಾ ಜಾರಿ ಕಾಲಿನ ಮೇಲೆ ಬಿತ್ತಂತೆ. ಕುಂಟುತ್ತಲೇ ಕರೆದುಕೊಂಡು ಬಂದ.

“ಉಮ್ ಅದೀಬ್, ಇವ್ರು ದಾರಿ ತಪ್ಪಿ ಬಂದೋರಲ್ಲ,” ಎಂದ ಬಾಗಿಲಲ್ಲೇ ನಿಂತು. “ನಿಮ್ಮನ್ನೇ ಕೇಳ್ಕೊಂಡು ಬಂದಿದ್ದಾರೆ. ವಾಪಸ್ ಹೋಗಿ ಅಂತ ನಾಲ್ಕ್ ಸಲ ಹೇಳ್ದೆ. ಕಿವಿ ಮಂದ ಅನ್ಸತ್ತೆ.”

“ಕಿವಿ ಚೆನ್ನಾಗೇ ಇದೆ,” ಎಂದ ಆ ಮುದುಕ, ನಮ್ಮ ಮಾತಿನಲ್ಲೇ.

ನನಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು, ನಿನಗೆ ಗೊತ್ತಲ್ಲ ನನ್ನ ಸ್ವಭಾವ. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೆ ಗುಂಡಿ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಹೂವಿನ ಕುಂಡ. ಅಷ್ಟರಲ್ಲಿ ದೊಡ್ಡಪ್ಪ ಮೇಲಿನಿಂದ ಇಳಿದು ಬಂದರು. “ಅದ್ರೊಳಗೇನಿದೆ? ಮೊದ್ಲು ಹೊರಗಿಡಿ ಅದನ್ನ,” ಎಂದರು. ಮುದುಕ ಕುಂಡವನ್ನು ಹೊರಗಿಟ್ಟು ಬಂದು, “ನಮ್ಮ ಕಡೆ ಬಸ್ಸಲ್ಲಿ ನಿಮ್ಮೋರ ಕೈಲಿ ಚೀಲ ಕಂಡ್ರೆ ನಾವೂ ಹಿಂಗೇ ಅನ್ನೋದು,” ಎಂದ. ರುಶ್ದಿ ಕಾಲು ಉಜ್ಜಿಕೊಳ್ಳುತ್ತ ಕಿಸಕ್ಕೆಂದು ನಕ್ಕು, ದೊಡ್ಡಪ್ಪನ ಮುಖ ನೋಡಿ ಸುಮ್ಮನಾದ.

ಆತನ ಅರಬ್ಬಿ ಕೇಳಬೇಕಿತ್ತು ನೀನು. ಬಾಗ್ದಾದಿನಿಂದ ಬಂದ ಅಜ್ಜಿ ಸಾಕಿದಳಂತೆ. ಅಡುಗೆಮನೆಯ ಅರಬ್ಬಿ ಅದು. ಒಲೆ, ಕಂಬಳಿ, ಜ್ವರ, ಬೈಗುಳ ಎಲ್ಲಕ್ಕೂ ಮಾತಿತ್ತು. ಕೋರ್ಟು, ಸರ್ಕಾರ ಎಂಬಂಥವು ಬಂದಾಗ ತಡವರಿಸಿ ಹೀಬ್ರೂಗೆ ಜಾರುತ್ತಿದ್ದ. ಆಗ ದೊಡ್ಡಪ್ಪ, ತೆಲ್ ಅವೀವಿನಲ್ಲಿ ಗಾರೆ ಕೆಲಸ ಮಾಡುತ್ತ ಕಲಿತ ಹೀಬ್ರೂವಿನಿಂದ ಕೈಹಿಡಿದು ಎತ್ತಬೇಕಾಗುತ್ತಿತ್ತು. ಅವರಿಗೆ ಅದು ಇಷ್ಟವೂ ಇಲ್ಲ, ಗೊತ್ತಿದ್ದದ್ದನ್ನು ತೋರಿಸದೆ ಇರಲೂ ಆಗುವುದಿಲ್ಲ.

“ನನ್ನ ಹೆಸರು ಎಝ್ರಾ,” ಎಂದ ಆತ. “ಓರ್ನಾಳ ಅಪ್ಪ.”

ಮಗನ ಹೆಸರಿನಿಂದಲ್ಲದೆ ಮಗಳ ಹೆಸರಿನಿಂದ ತನ್ನನ್ನು ಹೇಳಿಕೊಂಡ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಆ ಹೆಸರನ್ನು ಎಲ್ಲಿ ಕೇಳಿದ್ದೆ ಎಂದು ನೆನಪಾಗಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಅದೀಬ್, ನಾವಿಬ್ಬರೂ ಎಂದೂ ಬಾಯಿಬಿಟ್ಟು ಆಡದ ಮಾತನ್ನು ಇಲ್ಲಿ ಬರೆಯಲೇಬೇಕು. ಚೆಕ್‌ಪೋಸ್ಟ್ ತಪ್ಪಿಸಿ, ಮಣ್ಣುದಾರಿಯಲ್ಲಿ ಕೂಲಿಯವರನ್ನು ಜೆರುಸಲೇಮಿನ ಅಂಚಿಗೆ ಬಿಟ್ಟುಬರುವುದು ನಿನ್ನ ದಿನದ ಕೆಲಸವಾಗಿತ್ತು. ಆ ದಿನ ನಿನ್ನ ಕಾರಿನಲ್ಲಿ ಕೂತಿದ್ದ ಹುಡುಗನ ಬಳಿ ಒಂದು ಚೀಲವಿತ್ತು. ನೀನು ಅವನನ್ನು ಇಳಿಸಿದೆ, ಅವನು ಬಸ್ಸು ಹತ್ತಿದ, ಆ ಬಸ್ಸಿನಲ್ಲಿ ಓರ್ನಾ ಕೂತಿದ್ದಳು. ಚೀಲ ಸಿಡಿದಾಗ ಅವಳ ಜೊತೆ ಇನ್ನೂ ಎಷ್ಟೋ ಜನ. ಕೋರ್ಟಿನಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದಿದಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ನೀನು ವಕೀಲ ಹೇಳಿಕೊಟ್ಟಂತೆ ಬಾಯಿ ಬಿಡಲಿಲ್ಲ. ಗೊತ್ತಿತ್ತು ಎನ್ನಲಿಲ್ಲ, ಗೊತ್ತಿರಲಿಲ್ಲ ಎನ್ನಲೂ ಇಲ್ಲ. ಊರು ತನಗೆ ಬೇಕಾದ್ದನ್ನು ತಿಳಿದುಕೊಂಡು ನಿನ್ನ ಚಿತ್ರವನ್ನು ಗೋಡೆಗೆ ಅಂಟಿಸಿತು. ನಾನು ನನಗೆ ಬೇಕಾದ್ದನ್ನು ತಿಳಿದುಕೊಂಡೆ. ಬಾಡಿಗೆಗೆ ಹತ್ತಿದವನ ಚೀಲವನ್ನು ಯಾವ ಡ್ರೈವರ್ ಬಿಚ್ಚಿ ನೋಡುತ್ತಾನೆ ಎಂದು ಹೇಳಿಕೊಂಡು ನಿದ್ದೆ ಮಾಡುತ್ತಿದ್ದೆ. ನೀನು ಜೈಲಿನಲ್ಲಿದ್ದಾಗಲೂ, ಕೈದಿಗಳ ವಿನಿಮಯದಲ್ಲಿ ನಿನ್ನನ್ನು ಬಿಟ್ಟು ಊರಿಗೆ ಕಳಿಸದೆ ಸಮುದ್ರದಾಚೆ ಇಳಿಸಿದ ಮೇಲೂ, ಹಾಗೆಯೇ.

ಬಂದವನು ಯಾರೇ ಆಗಲಿ, ಮನೆಗೆ ಬಂದ ಮೇಲೆ ಕಾಫಿ ಕೊಡಬೇಕಲ್ಲ. ಏಲಕ್ಕಿ ಹಾಕಿ, ಸಕ್ಕರೆ ಇಲ್ಲದೆ ಮಾಡಿ ತಂದಿಟ್ಟೆ. ದೊಡ್ಡಪ್ಪ ತಮ್ಮ ಬಟ್ಟಲು ಎತ್ತಿಕೊಂಡರು, ರುಶ್ದಿ ಎತ್ತಿಕೊಂಡ. ಎಝ್ರಾ ತನ್ನ ಬಟ್ಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತ.

ಕೋಣೆ ಹೇಗೆ ತಣ್ಣಗಾಯಿತು ಎಂದು ನಾನು ಹೇಳಬೇಕಿಲ್ಲ. ನಿನ್ನ ಚಿಕ್ಕಮ್ಮ ಲಮೀಸ್‌ಳನ್ನು ಕೇಳಲು ಗಂಡಿನ ಕಡೆಯ ಹಿರಿಯರು ಬಂದ ದಿನ ನೆನಪಿದೆಯಾ? ಎಲ್ಲರ ಮುಂದೆಯೂ ಕಾಫಿ, ಯಾರೂ ಮುಟ್ಟುತ್ತಿಲ್ಲ, ನಿನ್ನ ತಾತ ‘ಕುಡೀರಿ, ನೀವು ಬಂದ ಕೆಲಸ ಆಯ್ತು’ ಅನ್ನಲಿ ಎಂದು ಕಾಯುತ್ತಿದ್ದಾರೆ. ಪುಟ್ಟವನು ನೀನು, ಇವರಿಗೆ ಬೇಡವಾಗಿದೆ ಎಂದುಕೊಂಡು ಹಿರಿಯರ ಬಟ್ಟಲಿಗೇ ಬಾಯಿ ಹಾಕಿದೆ. ರುಶ್ದಿಯ ತಮ್ಮನ ಟ್ರ್ಯಾಕ್ಟರ್ ಕೆಳಗೆ ಆ ಮಗು ಸಿಕ್ಕಾಗಲೂ ಹಾಗೆಯೇ. ರುಶ್ದಿಯ ಮನೆಯವರು ಹಿರಿಯರನ್ನು ಮುಂದಿಟ್ಟುಕೊಂಡು ಮಗು ಕಳೆದುಕೊಂಡವರ ಮನೆಗೆ ಹೋಗಿ, ಕಾಫಿ ಮುಟ್ಟದೆ, ತಲೆ ತಗ್ಗಿಸಿ ಕೂತಿದ್ದರು. ಮಗುವಿನ ತಾತ ಕುಡಿಯಿರಿ ಎಂದ ಮೇಲೆಯೇ ಆ ಎರಡು ಮನೆಗಳ ನಡುವೆ ಮತ್ತೆ ನಡೆದಾಟ ಶುರುವಾದದ್ದು. ಅದಕ್ಕೇ ರುಶ್ದಿ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡ. ಕುಡಿಯುತ್ತಿದ್ದ ಬಟ್ಟಲನ್ನು ಹಾಗೇ ಕೆಳಗಿಟ್ಟ.

ಆದರೆ ನೋಡು, ಇಲ್ಲಿ ಎಲ್ಲ ತಲೆಕೆಳಗು. ಕಾಫಿ ಮುಟ್ಟದೆ ಕೂರಬೇಕಾದವರು ಕೊಂದವರ ಕಡೆಯವರು, ಕಳೆದುಕೊಂಡವರ ಮನೆಯಲ್ಲಿ. ಇವನು ಕಳೆದುಕೊಂಡವನು. ನಮ್ಮ ಮನೆಗೆ ಬಂದು ಬಟ್ಟಲು ಸರಿಸಿ ಕೂತಿದ್ದಾನೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು, ಗೋಡೆ ನೋಡಿದರು, ಟೋಪಿ ತೆಗೆದು ಹಾಕಿಕೊಂಡರು. ಮಾತು ಅವರೇ ಆಡಬೇಕಿತ್ತು. ಆಡಲಿಲ್ಲ. ಕಾಫಿ ಆರಿಹೋಗುತ್ತಿತ್ತು. ನನ್ನಿಂದ ನೋಡಲಾಗಲಿಲ್ಲ.

“ಕುಡೀರಿ,” ಎಂದೆ. “ನೀವ್ ಬಂದ ಕೆಲ್ಸ ಆಯ್ತು ಅಂತ ತಿಳ್ಕೊಳ್ಳಿ.”

ಆತ ಬೆಚ್ಚಿ ನನ್ನನ್ನು ನೋಡಿ, ಮೇಷ್ಟರು ಗದರಿದಂತೆ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟ. ಕಣ್ಣಲ್ಲಿ ನೀರು ಬಂತು. ದೊಡ್ಡಪ್ಪ ನನ್ನ ಕಡೆ ನೋಡಿದ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು. ಏನು ಬೇಕೆಂದು ಕೇಳುವ ಮೊದಲೇ ಕೊಟ್ಟೆ ಎಂದುಬಿಟ್ಟಿದ್ದೆ, ಅದೂ ಮನೆಯ ಹಿರಿಯ ಗಂಡಸು ಎದುರಿಗಿರುವಾಗ.

ಆಮೇಲೆ ಆತ ಕೇಳಿದ. “ನಿಮ್ಮ ಮಗನಿಗೆ ಗೊತ್ತಿತ್ತಾ? ಚೀಲದಲ್ಲಿ ಏನಿದೆ ಅಂತ?”

ಇಷ್ಟೇ. ಪರಿಹಾರ ಬೇಡ, ಕ್ಷಮೆ ಬೇಡ, ಬೈಯಲಿಕ್ಕೂ ಬಂದಿಲ್ಲ. ಯಾಕೆ ಈಗ ಎಂದು ನಾನು ಕೇಳಿದೆ. ಅದು ತನ್ನ ಹೆಂಡತಿಯ ಜೊತೆಗಿನ ಜಗಳ ಎಂದ. ಜೋರ್ಜೆಟ್ ಎಂದು ಅವಳ ಹೆಸರು. ಓರ್ನಾ ಹೋದಂದಿನಿಂದ ಗಂಡ ‘ಡ್ರೈವರಿಗೆ ಗೊತ್ತಿತ್ತು’ ಅನ್ನುವುದು, ಹೆಂಡತಿ ‘ಗೊತ್ತಿರಲಿಲ್ಲ’ ಅನ್ನುವುದು. ಊಟದ ಹೊತ್ತಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಟ್ಟೆ ಒಣಹಾಕುವಾಗ. ನಿನ್ನನ್ನು ಬಿಡಬಾರದು ಎಂದು ಆತ ರಸ್ತೆಯಲ್ಲಿ ನಿನ್ನ ಹೆಸರಿನ ಫಲಕ ಹಿಡಿದು ನಿಂತಿದ್ದನಂತೆ. ಹೆಂಡತಿ ಬರಲಿಲ್ಲವಂತೆ. ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

“ಈಗ ಮನೇಲಿ ನಾನೊಬ್ನೇ ಸರಿ,” ಎಂದ. “ಎದುರು ಮಾತಾಡೋರಿಲ್ಲ. ಅದು ಚೆನ್ನಾಗಿಲ್ಲ.”

“ಅವ್ರು ಹಂಗೆ ಯಾಕೆ ಅಂತಿದ್ರು? ಗೊತ್ತಿರ್ಲಿಲ್ಲ ಅಂತ?”

“ಕೋರ್ಟಲ್ಲಿ ಅವ್ನು ಇಡೀ ಹೊತ್ತು ನಿಮ್ಮನ್ನೇ ನೋಡ್ತಿದ್ನಂತೆ. ಗೊತ್ತಿದ್ದು ಮಾಡಿದೋನು ತಾಯಿ ಮುಖ ನೋಡಲ್ಲ ಅನ್ನೋಳು.”

ಆ ಹೆಂಗಸು ನನ್ನನ್ನೂ ನೋಡುತ್ತಿದ್ದಳು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಆ ಕಡೆಯ ಬೆಂಚುಗಳತ್ತ ತಿರುಗಿಯೂ ನೋಡಿರಲಿಲ್ಲ. ಓರ್ನಾ ಹೇಗಿದ್ದಳು ಎಂದು ಕೇಳಿದೆ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದಳಂತೆ. ಸೌತೆಕಾಯಿ ಉಪ್ಪಿನಕಾಯಿ ಮುಗಿದ ಮೇಲೆ ಬಾಟಲಿಯ ಉಪ್ಪುನೀರನ್ನು ಕದ್ದು ಕುಡಿಯುತ್ತಿದ್ದಳಂತೆ, ಅಷ್ಟು ದೊಡ್ಡವಳಾದ ಮೇಲೂ. ಇದನ್ನು ಹೇಳುವಾಗ ಆತನಿಗೆ ಹೀಬ್ರೂ ಬೇಕಾಗಲಿಲ್ಲ. ನನಗೆ ಅವಳ ಮೇಲೆ ಪ್ರೀತಿ ಬಂತು, ಬರೆಯಲು ನಾಚಿಕೆಯಿಲ್ಲ.

ದೊಡ್ಡಪ್ಪನಿಗೆ ಇದೆಲ್ಲ ಸರಿಬೀಳಲಿಲ್ಲ. “ಗೊತ್ತಿಲ್ದೆ ಏನು,” ಎಂದರು, ಎದೆ ಮುಂದೆ ಮಾಡಿ. “ಅವ್ನು ಗಂಡ್ಸು. ತಿಳಿದೇ ಮಾಡಿದ್ದು.”

“ನಾನು ಅವ್ನ ತಾಯೀನ ಕೇಳ್ದೆ,” ಎಂದ ಎಝ್ರಾ.

ಗೊತ್ತಿರಲಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಸುಲಭವಾಗಿ ಆಡಬಹುದಿತ್ತು. ಆತನೂ ಎದ್ದು ಹೋಗುತ್ತಿದ್ದ, ಜೋರ್ಜೆಟ್ ಗೆದ್ದಳು ಎಂದುಕೊಂಡು ಸಮಾಧಾನವಾಗಿರುತ್ತಿದ್ದ. ಆದರೆ ಕಾಫಿ ಕುಡಿಸಿದ್ದೆನಲ್ಲ. ಕುಡಿಸಿ ಸುಳ್ಳಾಗಿರಬಹುದಾದ್ದನ್ನು ಕೊಡಲಾಗಲಿಲ್ಲ.

“ನಾನ್ ಅವನ್ನ ಕೇಳಿಲ್ಲ,” ಎಂದೆ.

“ಇಷ್ಟು ವರ್ಷ?”

“ಇಷ್ಟು ವರ್ಷ.”

ಆಗ ನನಗೂ ರೇಗಿತು, ಅದೀಬ್. ನಾನೊಬ್ಬಳೇ ಯಾಕೆ ಉತ್ತರ ಕೊಡಬೇಕು? “ನಾನೂ ಒಂದ್ ಕೇಳ್ತೀನಿ,” ಎಂದೆ. “ಮಗ ಮಾಡಿದ್ದಕ್ಕೆ ಅಂತ ನಿಮ್ಮ ಸೈನ್ಯದೋರು ನನ್ನ ಮನೆ ಒಡೆದ್ರಲ್ಲ, ನಾನ್ ಯಾವ ಕಾರೂ ಓಡ್ಸಿರ್ಲಿಲ್ಲ. ಅದು ನಿಮ್ಗೆ ಗೊತ್ತಿತ್ತಾ?”

ಆತ ತಡಮಾಡಲಿಲ್ಲ. “ಗೊತ್ತಿತ್ತು. ಪೇಪರಲ್ಲಿ ಫೋಟೊ ಬಂದಿತ್ತು. ಮುರಿದ ಮೆಟ್ಟಿಲ ಮೇಲೆ ಒಂದು ಹೊಲಿಗೆ ಮಿಷನ್ ಇತ್ತು.”

“ಅದು ನಂದು.”

“ಒಡೀಲಿ ಅನ್ಕೊಂಡೆ. ಆಮೇಲೆ ಪುಟ ತಿರುಗಿಸ್ದೆ.” ಅಂಗಿಯ ಕತ್ತಿನ ಗುಂಡಿ ಬಿಚ್ಚಿಕೊಂಡು, “ಇದನ್ನ ಯಾರೂ ಕೇಳಿರ್ಲಿಲ್ಲ,” ಎಂದ.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಆಮೇಲೆ ಅದರ ಜೊತೆಗೆ ಬೇರೆ ಏನೋ ಬಂತು, ಅದಕ್ಕೆ ಹೆಸರು ಗೊತ್ತಿಲ್ಲ. ನನ್ನ ಹೊಲಿಗೆ ಮಿಷನ್ನನ್ನು ಪೇಪರಿನಲ್ಲಿ ನೋಡಿದ ಮನುಷ್ಯನೊಬ್ಬ ಜೆರುಸಲೇಮಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ, ಆ ಹೊತ್ತಿಗೆ ನಾನು ಆ ಮಿಷನ್ನಿನ ಚಕ್ರ ತಿರುಗುತ್ತದೆಯೇ ಎಂದು ನೋಡುತ್ತಿದ್ದೆ. ಕೇಳುವುದನ್ನು ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಬೇರೆ ಮಕ್ಕಳಿದ್ದಾರೆಯೇ ಎಂದೆ. ಒಬ್ಬ ಮಗ, ಅಮ್ನೋನ್. ಸೈನ್ಯದಲ್ಲಿದ್ದನೇ ಎಂದರೆ, ಎಲ್ಲರೂ ಇರುತ್ತಾರೆ ಎಂದ. ಎಲ್ಲಿ ಎಂದರೆ, ಇದೇ ಬೆಟ್ಟಗಳ ಕಡೆ ಎಂದ.

“ಇಲ್ಲಿ ಏನ್ ಮಾಡ್ತಿದ್ದ?”

“ಹೇಳಿಲ್ಲ ಅವ್ನು.”

“ನೀವ್ ಕೇಳಿಲ್ವಾ?”

ಎಝ್ರಾ ಖಾಲಿ ಬಟ್ಟಲನ್ನು ತಿರುಗಿಸುತ್ತ ಕೂತ.

“ಹಂಗಾದ್ರೆ ಕೈಗೆ ಸಿಗೋ ಮಗನ್ನ ಬಿಟ್ಟು, ಊರಲ್ಲೇ ಇಲ್ದಿರೋ ನನ್ನ ಮಗನ್ನ ಕೇಳೋಕೆ ಇಷ್ಟ್ ದೂರ ಬಂದ್ರಾ?”

ದೊಡ್ಡಪ್ಪನಿಗೆ ಆ ದಿನ ಮೊದಲ ಬಾರಿಗೆ ಖುಷಿಯಾಯಿತು, ತೊಡೆ ತಟ್ಟಿಕೊಂಡರು. ಎಝ್ರಾ ಕೂಡ ನಕ್ಕ, ಆದರೆ ಸಂತೋಷದ ನಗೆಯಲ್ಲ. “ಜೋರ್ಜೆಟ್ಟೂ ಹಿಂಗೇ ಮಾತಾಡೋಳು,” ಎಂದ. ಆಮೇಲೆ ಮಗನ ಬಗ್ಗೆ ಏನೋ ಹೇಳಹೊರಟು, ಮಾತು ಸಿಗದೆ ಹೀಬ್ರೂನಲ್ಲಿ ಹೇಳಿ ದೊಡ್ಡಪ್ಪನ ಕಡೆ ನೋಡಿದ. “ಮಸ್‌ಊಲ್,” ಎಂದು ದೊಡ್ಡಪ್ಪ ಎತ್ತಿಕೊಟ್ಟರು. “ನಿಮ್ಮ ಮಗ ಮಾಡಿದ್ದಕ್ಕೆ ನೀವು ಮಸ್‌ಊಲ್. ಹೊಣೆಗಾರ.”

ಎಝ್ರಾ ಆ ಮಾತನ್ನು ಬಾಯಲ್ಲಿ ಹೊರಳಿಸಿದ. “ಮಸ್‌ಊಲ್. ಅದ್ರೊಳಗೆ ಸುಆಲ್ ಇದೆಯಲ್ಲ, ಪ್ರಶ್ನೆ? ಅಂದ್ರೆ ಪ್ರಶ್ನೆ ಕೇಳಿಸ್ಕೊಳ್ಳೋನು ಅಂತಾನಾ?”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಟ್ಟಿದಾಗಿನಿಂದ ಆಡಿದ ಮಾತು. ಪಂಚಾಯಿತಿಯ ಅಧ್ಯಕ್ಷನಿಗೂ ಅದೇ, ನೀರಿನ ಟ್ಯಾಂಕಿನವನಿಗೂ ಅದೇ. ಅದರೊಳಗೆ ಏನಿದೆ ಎಂದು ನಾವ್ಯಾರೂ ಬಿಚ್ಚಿ ನೋಡಿರಲಿಲ್ಲ. ಪ್ರಶ್ನೆ ಕೇಳಿಸಿಕೊಳ್ಳುವವನೇ ಹೊಣೆಗಾರ. ಹಾಗಾದರೆ ಕೇಳದೆ ಬಿಟ್ಟವರು ಅವನನ್ನು ಏನು ಮಾಡಿದ ಹಾಗಾಯಿತು? ಉಳಿಸಿದ ಹಾಗಾಯಿತೋ, ಕೈಬಿಟ್ಟ ಹಾಗಾಯಿತೋ? ಅಂದಿನಿಂದ ಇದೊಂದೇ ತಲೆಯಲ್ಲಿ ಓಡುತ್ತಿದೆ. ಕೊಯ್ಲಿನಲ್ಲಿ ಕಾಯಿಯ ಬದಲು ಎಲೆ ತುಂಬಿ ದೊಡ್ಡಪ್ಪನ ಕೈಯಲ್ಲಿ ಬೈಸಿಕೊಂಡೆ.

ಹೊರಡುವಾಗ ಎಝ್ರಾ ನೀನು ಈಗ ಏನು ಮಾಡುತ್ತೀಯ ಎಂದು ಕೇಳಿದ. ಬ್ರೆಡ್ಡು ಸುಡುತ್ತಾನೆ ಎಂದೆ. ಕಾರು ಓಡಿಸುವುದಿಲ್ಲವೇ ಎಂದ. ಇಲ್ಲ, ಆ ದಿನದಿಂದ ಮತ್ತೆ ಸ್ಟೀರಿಂಗ್ ಮುಟ್ಟಿಲ್ಲ ಎಂದೆ. ಆತ ತಲೆಯಾಡಿಸಿ, ಫೋನ್ ನಂಬರ್ ಬರೆದುಕೊಟ್ಟು, ನನ್ನದನ್ನು ಬರೆದುಕೊಂಡು ಹೋದ. ಕುಂಡವನ್ನು ರುಶ್ದಿ ಒಳಗೆ ತಂದಿಟ್ಟ, ಕಾಗದ ಬಿಚ್ಚಿ, ಮಣ್ಣಿಗೆ ಬೆರಳು ಹಾಕಿ ನೋಡಿದ ಮೇಲೆ.

ಆಮೇಲೆ ಆದ ಜಗಳ ಕೇಳು.

“ನೀನ್ ಯಾರು ಕುಡೀರಿ ಅನ್ನೋಕೆ?” ಎಂದರು ದೊಡ್ಡಪ್ಪ. “ಹೋಗ್ಲಿ ಬಿಡು, ಆ ಬಟ್ಟಲು ಲೆಕ್ಕಕ್ಕಿಲ್ಲ. ಅವ್ನಿಗೆ ನಮ್ಮ ಪದ್ಧತಿ ಏನ್ ಗೊತ್ತು? ಕಾಫಿ ಬಿಸಿ ಇತ್ತು, ಆರ್ಲಿ ಅಂತ ಇಟ್ಟ.”

“ಅವ್ರಿಗೆ ಗೊತ್ತಿರ್ಲಿಲ್ಲ. ನಂಗೊತ್ತಿತ್ತಲ್ಲ ಭಾವ.”

“ಏನ್ ಮಾಡ್ತೀಯ ಈಗ? ಅದೀಬನ್ನ ಕೇಳ್ತೀಯಾ? ಗೊತ್ತಿರ್ಲಿಲ್ಲ ಅಂತ ಅವ್ನು ಅಂದ್ರೆ ನಾಳೆ ಊರು ಏನನ್ನತ್ತೆ? ಬಾಡಿಗೆ ಆಸೆಗೆ ಹೋಗಿ ಸಿಕ್ಕಾಕ್ಕೊಂಡ ಪೆದ್ದ ಅನ್ನಲ್ವಾ? ಆ ಮೇಲೆ ನಾನ್ ಮದ್ವೆ ಮನೇಲಿ ಎಲ್ಲಿ ಕೂತ್ಕೊಳ್ಲಿ?”

“ಗೊತ್ತಿತ್ತು ಅಂದ್ರೆ?”

ದೊಡ್ಡಪ್ಪ ಸಿಗರೇಟು ಹಚ್ಚಿಕೊಂಡರು. ಅದು ಅರ್ಧ ಉರಿದ ಮೇಲೆ, “ಗೊತ್ತಿತ್ತು ಅಂತ ನಾನು ಹೇಳ್ಬಹುದು,” ಎಂದರು. “ಅವ್ನ ಬಾಯಿಂದ ಕೇಳೋಕಾಗಲ್ಲ.” ಅವರನ್ನು ನಾನು ಇಷ್ಟು ವರ್ಷ ಬರೀ ಜಂಬದ ಮನುಷ್ಯ ಎಂದುಕೊಂಡಿದ್ದೆ.

ಬಟ್ಟಲು ಲೆಕ್ಕಕ್ಕಿಲ್ಲ ಎಂಬ ದೊಡ್ಡಪ್ಪನ ಮಾತನ್ನೇ ನಾನೂ ಹಿಡಿದುಕೊಂಡು ಸುಮ್ಮನಿರಬಹುದಿತ್ತು. ಹಬ್ಬದ ಮರುದಿನ ಎಝ್ರಾ ಫೋನ್ ಮಾಡಿದ. ಮೊದಲು ಹಬ್ಬದ ಶುಭಾಶಯ, ಆಮೇಲೆ ಕ್ಷಮೆ. ಹೊಟ್ಟೆಯಲ್ಲಿ ಹುಣ್ಣಂತೆ, ಡಾಕ್ಟರು ಕಾಫಿ ಮುಟ್ಟಲೇಬೇಡ ಎಂದಿದ್ದಾರಂತೆ. ನಾನು ಗದರಿದ ಮೇಲೆ ಬೇಡ ಎನ್ನಲು ಧೈರ್ಯ ಬರದೆ ಕುಡಿದು, ನಮ್ಮ ಊರಿನ ತಿರುವಿನಲ್ಲೇ ಕಾರು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ಕೂತಿದ್ದನಂತೆ. ನಾನು ನಕ್ಕು ನಕ್ಕು ಫೋನ್ ಕೆಳಗಿಡಬೇಕಾಯಿತು. ಆಗ ಆತನಿಗೆ ಆ ಬಟ್ಟಲಿನ ಅರ್ಥ ಹೇಳಿದೆ.

“ನಾನು ಅಮ್ನೋನನ್ನ ಕೇಳ್ದೆ,” ಎಂದ ಆಮೇಲೆ.

“ಹೇಳಿದ್ನಾ?”

“ಹೇಳ್ದ. ಕೇಳ್ತಿದ್ದ ಹಾಗೇ ಶುರು ಮಾಡ್ದ, ಅದಕ್ಕೇ ಕಾಯ್ತಿದ್ನೇನೋ ಅನ್ನೋ ಹಾಗೆ. ನಿಮ್ಮ ಪಕ್ಕದ ಊರಿನ ವಿಷ್ಯ. ಅದನ್ನ ನಿಮ್ಗೆ ಹೇಳೋಕೆ ನಂಗೆ ಈಗ ಆಗಲ್ಲ, ಉಮ್ ಅದೀಬ್. ಹೇಳ್ತೀನಿ.” ಅಷ್ಟು ಹೇಳಿ ಫೋನ್ ಇಟ್ಟ. ತನ್ನ ಪಾಲಿನದನ್ನು ಆತ ಮಾಡಿದ. ಈಗ ಸರದಿ ನನ್ನದು.

ಇಡೀ ಊರು ನನ್ನನ್ನು ನಿನ್ನ ಹೆಸರಿನಿಂದಲೇ ಕರೆಯುತ್ತದೆ. ನನ್ನ ಸ್ವಂತ ಹೆಸರು ನನಗೇ ಮರೆತುಹೋಗುವಷ್ಟು ಕಾಲದಿಂದ ನಾನು ಅದೀಬನ ತಾಯಿ. ನಿನ್ನನ್ನು ಕೇಳುವ ಹಕ್ಕು ನನಗಲ್ಲದೆ ಇನ್ನಾರಿಗಿದೆ? ಕೋರ್ಟು ಕೇಳಿದ್ದು ಶಿಕ್ಷೆ ಕೊಡಲಿಕ್ಕೆ. ಊರು ಕೇಳಲಿಲ್ಲ, ಅದಕ್ಕೆ ಚಿತ್ರ ಸಾಕಾಗಿತ್ತು. ನಾನು ಕೇಳುತ್ತಿರುವುದು ತಿಳಿದುಕೊಳ್ಳಲಿಕ್ಕೆ. ಚೀಲದಲ್ಲಿ ಏನಿತ್ತೆಂದು ನಿನಗೆ ಗೊತ್ತಿತ್ತಾ, ಅಪ್ಪಾ?

ಚೆಕ್‌ಪೋಸ್ಟಿನ ಬಗ್ಗೆ, ಭೂಮಿಯ ಬಗ್ಗೆ, ಬಾವಿಯ ಹತ್ತಿರ ಸೈನ್ಯದ ಗುಂಡಿಗೆ ಸತ್ತುಬಿದ್ದಿದ್ದ ನಿನ್ನ ಗೆಳೆಯನ ಬಗ್ಗೆ ನನಗೆ ಹೇಳಬೇಡ. ಅವೆಲ್ಲ ನನಗೆ ಗೊತ್ತು, ಅವೆಲ್ಲ ನಿಜ, ನಾನೂ ಅಲ್ಲೇ ಇದ್ದೆ. ಅವು ನನ್ನ ಪ್ರಶ್ನೆಗೆ ಉತ್ತರವಲ್ಲ. ಗೊತ್ತಿರಲಿಲ್ಲ ಎಂದರೆ ಎಝ್ರಾನಿಗೆ ಫೋನ್ ಮಾಡಿ ಜೋರ್ಜೆಟ್ ಗೆದ್ದಳು ಎನ್ನುತ್ತೇನೆ. ಊರು ನಗಲಿ, ದೊಡ್ಡಪ್ಪ ಮದುವೆ ಮನೆಯಲ್ಲಿ ನಿಂತೇ ಊಟ ಮಾಡಲಿ. ಗೊತ್ತಿತ್ತು ಎಂದರೆ ನಾನೇ ಆತನ ಮನೆಗೆ ಹೋಗುತ್ತೇನೆ. ಮುದುಕಿಗೆ ಪರವಾನಗಿ ಕೊಡುತ್ತಾರೆ. ಅಲ್ಲಿ ಕೂತು, ಕೊಟ್ಟದ್ದನ್ನು ಮುಟ್ಟುವುದಿಲ್ಲ. ಆತ ಕುಡಿಯಿರಿ ಎನ್ನಬಹುದು, ಎನ್ನದೆಯೂ ಇರಬಹುದು. ಯಾವ ಉತ್ತರ ಬಂದರೂ ನೀನು ನನ್ನ ಮಗನೇ, ಅದರಲ್ಲಿ ಚೌಕಾಸಿಯಿಲ್ಲ. ಆದರೆ ಉತ್ತರ ಬೇಕು.

ರೊಟ್ಟಿಯ ಒಲೆಯ ಮುಂದೆ ನಿಂತು ನಿಂತು ಬೆವರಿದ ಮೈಯಲ್ಲಿ ಹೊರಗೆ ಚಳಿಗೆ ಹೋಗಬೇಡ, ನಿನ್ನ ಎದೆ ಮೊದಲೇ ನಾಜೂಕು. ದೇವರು ನಿನ್ನ ಹೆಜ್ಜೆಗೆ ಬೆಳಕು ಕೊಡಲಿ, ಒಳ್ಳೆಯ ಜನ ಸಿಗಲಿ, ನಾನು ಕಣ್ಣು ಮುಚ್ಚುವ ಮೊದಲು ನಿನ್ನನ್ನು ಒಮ್ಮೆ ಮುಟ್ಟುವ ಹಾಗೆ ಮಾಡಲಿ.

ನಿನ್ನ ಅಮ್ಮ

ಮತ್ತೊಂದು ಮಾತು: ಎಝ್ರಾನಿಗೂ ದೊಡ್ಡಪ್ಪನಿಗೂ ಹೇಳದ್ದನ್ನು ನಿನಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಪ್ರಶ್ನೆ ಪ್ರಾಮಾಣಿಕವಾಗುವುದಿಲ್ಲ. ಆ ದಿನ ಬೆಳಿಗ್ಗೆ ನೀನು ಕಾರು ಚಾಲೂ ಮಾಡಿದವನು ಮತ್ತೆ ಆರಿಸಿ ಒಳಗೆ ಬಂದೆ. ನಾನು ಹಿಟ್ಟು ನಾದುತ್ತಿದ್ದೆ. ಹಿಟ್ಟು ಮೆತ್ತಿದ್ದ ಕೈಯನ್ನೇ ಹಿಡಿದು ಮುತ್ತಿಟ್ಟು ಹಣೆಗೆ ಒತ್ತಿಕೊಂಡೆ. ಹಬ್ಬದ ದಿನ ಬಿಟ್ಟರೆ ನೀನು ಎಂದೂ ಹಾಗೆ ಮಾಡಿದವನಲ್ಲ. “ಏನೋ ಇವತ್ತು, ಹಬ್ಬಾನಾ?” ಎಂದು ನಾನು ನಕ್ಕೆ. ನೀನು ನಗಲಿಲ್ಲ. ನಾನು ಏನಾಯಿತು ಎಂದು ಕೇಳಲೂ ಇಲ್ಲ. ನಿನ್ನ ಹಣೆಗೆ ಹಿಟ್ಟು ಹತ್ತಿತ್ತು. ತಲೆವಸ್ತ್ರದ ತುದಿಯಿಂದ ಒರೆಸಿ, ಹೋಗಿ ಬಾ ಎಂದೆ.